ಅರ್ಧ ಕಂತು

ಆಗಸ್ಟ್ 3, ಭಾನುವಾರ

ಇವತ್ತು ಹದಿನೇಳು ಪ್ಲಾಟ್. ಇಪ್ಪತ್ತು ಆಗಬೇಕಿತ್ತು, ಮಧ್ಯಾಹ್ನಕ್ಕೇ ಫೋನ್ ಕೈಕೊಟ್ಟಿತು. ಚಪ್ಪಲಿಗೆ ಕಪ್ಪು ಎರಿ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತಿತ್ತು. ಬೆಳೆ ಸಮೀಕ್ಷೆಯವರು ಎಂದರೆ ಸರ್ಕಾರದ ಕಣ್ಣು — ಟ್ರೈನಿಂಗ್‌ನಲ್ಲಿ ಹೇಳಿದ್ದರು. ಆ ಕಣ್ಣಿಗೆ ಒಂದು ಜೊತೆ ಗಮ್‌ಬೂಟ್ ಕೊಡಬೇಕು ಅಂತ ಯಾರಿಗೂ ಹೊಳೆದಿಲ್ಲ.

ಹೊಲದ ಒಳಗೇ ನಿಂತು ಫೋಟೊ ಹೊಡೆಯಬೇಕು. ಒಡ್ಡಿನ ಮೇಲೆ ನಿಂತರೆ ಆ್ಯಪ್ ಒಪ್ಪುವುದಿಲ್ಲ. ಕೆಲವರು ಮನೆಯಲ್ಲೇ ಕೂತು ಏನೋ ಒಂದು ತುಂಬುತ್ತಾರಂತೆ, ನನಗೆ ಆ ಚಾಳಿ ಇಲ್ಲ. ಹೊಲದಲ್ಲಿ ಏನಿದೆಯೋ ಅದನ್ನೇ ಬರೆಯುತ್ತೇನೆ. ನಾಳೆ ರೈತರಿಗೆ ವಿಮೆ, ಪರಿಹಾರ, ಏನು ಬಂದರೂ ಇದರ ಮೇಲೆಯೇ.

ಕೊನೆಗೆ ನಮ್ಮದು. ಎಂಟು ಎಕರೆ, ಒಂದೇ ಸರ್ವೆ ನಂಬರ್. ಮೇಲಿನ ನಾಲ್ಕು ದಿಬ್ಬದ ಹೊಲ, ಭಾವನದು. ಕೆಳಗಿನ ನಾಲ್ಕು ಹಳ್ಳದ ಹೊಲ, ನಮ್ಮದು. ಆ್ಯಪ್‌ನಲ್ಲಿ ಭಾವನ ಹೆಸರೊಂದೇ ತೋರಿಸಿತು — ಅಮೋಘಸಿದ್ದ ಮರಿಲಿಂಗ. ಇವರ ಹೆಸರು ಕೆಳಗೆಲ್ಲೋ ಇರಬೇಕು. ಈ ಆ್ಯಪ್‌ಗೆ ಇಬ್ಬರ ಹೆಸರು ಒಟ್ಟಿಗೆ ತೋರಿಸುವ ತಾಕತ್ತಿಲ್ಲ. ಮೇಲೆ ತೊಗರಿ, ಕೆಳಗೆ ಹತ್ತಿ ಎಂದು ತುಂಬಿ ಕಳಿಸಿದೆ.

ಸಂಜೆ ಭಾವನೇ ಬಂದರು. ನಿನ್ನೆ ಕಿಸಾನ್ ಸಮ್ಮಾನ್ ಕಂತು ಬಿದ್ದಿದೆಯಂತೆ, ಎರಡು ಸಾವಿರ. ಅಂಗಿ ಜೇಬಿನಿಂದ ಎರಡು ಐನೂರರ ನೋಟು ತೆಗೆದರು.

“ತಗೋ ಕವಿತಾ. ನಿಮ್ಮ ಹಿಸ್ಸಾ.”

“ಇಷ್ಟು ಜಲ್ದಿ ಏನಿತ್ತ್ರಿ ಭಾವಾ, ನಾಳಿಗೆ ಕೊಟ್ಟಿದ್ರ ಆಗ್ತಿತ್ತು.”

“ಬ್ಯಾರೇದವರ ರೊಕ್ಕ ರಾತ್ರಿ ಮನ್ಯಾಗ ಇಟ್ಕೋಬಾರದವ್ವಾ.”

ಸಕ್ಕರೆ ಇಲ್ಲದ ಚಹಾ ಕುಡಿದು ಹೋದರು. ಮಾವ ತೀರಿಕೊಂಡ ವರ್ಷ ಅಣ್ಣತಮ್ಮ ಇಬ್ಬರೂ ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಿ ಹೊಲ ಹಂಚಿಕೊಂಡರು. ಕಾಗದದಲ್ಲಿ ಇಬ್ಬರ ಹೆಸರಲ್ಲಿ ಒಂದೇ ಹೊಲ, ಬಾಯಿಮಾತಿನಲ್ಲಿ ಎರಡು. ನಮ್ಮವರಲ್ಲಿ ಎಲ್ಲರದೂ ಹೀಗೆಯೇ. ದೇವರ ಅರಿಶಿನ ಮುಟ್ಟಿ ಆಡಿದ ಮಾತಿಗೆ ಸ್ಟಾಂಪ್ ಪೇಪರ್ ಕೇಳುವುದಿಲ್ಲ. ಕಂತು ಶುರುವಾದಾಗ ಇವರು ಕುರಿಯ ಹಿಂದೆ ಎಲ್ಲೋ ಇದ್ದರು. ಆಮೇಲೆ ಹೋದರೆ ಬೆರಳು ಮಷೀನ್‌ನಲ್ಲಿ ಮೂಡಲಿಲ್ಲ, ಗೆರೆಗಳೆಲ್ಲ ಸವೆದಿವೆ. ಇರಲಿ, ನನ್ನ ಖಾತೆಗೇ ಬರಲಿ, ಅರ್ಧ ಕೊಡುತ್ತೇನೆ ಅಂದರು ಭಾವ. ಆರು ವರ್ಷವಾಯಿತು. ಒಂದು ಕಂತೂ ತಪ್ಪಿಲ್ಲ. ಆ ಸಾವಿರ ಕೈಗೆ ಬಂದಾಗಲೆಲ್ಲ, ಹೊಲ ನಮ್ಮದು ಅಂತ ಸರ್ಕಾರವೇ ಬಂದು ಹೇಳಿ ಹೋದಷ್ಟು ಧೈರ್ಯ.

ಆಗಸ್ಟ್ 23, ಶನಿವಾರ

ಹತ್ತಿ ಮೊಣಕಾಲು ದಾಟಿದೆ. ಇಡೀ ದಿನ ಕಳೆ. ಐದು ಹೆಣ್ಣಾಳು, ಆರನೆಯವಳು ನಾನು. ಸೊಂಟ ಹಿಡಿದುಕೊಂಡಿದೆ, ಆದರೂ ಸಂಜೆ ಒಡ್ಡಿನ ಮೇಲೆ ನಿಂತು ನೋಡಿದರೆ ನಾಲ್ಕೂ ಎಕರೆ ಹಸಿರು. ಯಾರೂ ನೋಡುತ್ತಿರಲಿಲ್ಲ, ಒಬ್ಬಳೇ ನಕ್ಕೆ.

ಇವರ ಫೋನ್. ಲಿಂಗಸುಗೂರು ಕಡೆ ಕೆಂಪು ಮಸಾರಿ ನೆಲದಲ್ಲಿದ್ದಾರೆ. ಮಳೆಗಾಲದಲ್ಲಿ ನಮ್ಮ ಎರಿ ಕೆಸರಿನಲ್ಲಿ ಕುರಿಗಳ ಕಾಲು ಕೊಳೆಯುತ್ತವೆ, ಸುಗ್ಗಿಯವರೆಗೂ ಅಲ್ಲಿಯೇ. “ಎಲ್ಲಾ ಛಲೋ ಅದಾವ. ಮತ್ತ ಏಳು ಮರಿ ಹಾಕ್ಯಾವ” ಅಂದರು. ನಾನು ಹೇಗಿದ್ದೇನೆ ಅಂತ ಕುರಿಗಳ ಸಮಾಚಾರ ಮುಗಿದ ಮೇಲೆ ಕೇಳಿದರು.

ಹಿಂಡು ಈಗ ನೂರರ ಹತ್ತಿರ. ಬೇಸಿಗೆಯಲ್ಲಿ ಭಾವ ತಮ್ಮ ನಲವತ್ತೆರಡು ಕುರಿಗಳನ್ನೂ ಇವರ ಹಿಂಡಿಗೆ ಬಿಟ್ಟರು. ಮೊಣಕಾಲು ಹೋಗಿವೆ, ಇನ್ನು ತಿರುಗಲಾರೆ ಅಂದರು. ಪಾಲಿಗೆ ಬಿಟ್ಟಿದ್ದಾರೆ, ಹುಟ್ಟಿದ ಮರಿಯಲ್ಲಿ ಅರ್ಧ ಅವರದಿರಬೇಕು. ನಾನು ಕೇಳಲಿಲ್ಲ. ಕುರಿ ವ್ಯವಹಾರದಲ್ಲಿ ನಾನು ಬಾಯಿ ಹಾಕುವುದಿಲ್ಲ, ಹೊಲದ ವಿಷಯದಲ್ಲಿ ಇವರು ಹಾಕುವುದಿಲ್ಲ.

ಮದುವೆಯಾಗಿ ಹನ್ನೆರಡು ವರ್ಷ. ಮಕ್ಕಳಾಗಲಿಲ್ಲ. ಆ ಮಾತು ಎದ್ದಾಗಲೆಲ್ಲ ಎದ್ದು ಹೊಲಕ್ಕೆ ಹೋಗಿಬಿಡುವುದು ಅಭ್ಯಾಸವಾಗಿದೆ. ಎಂಟು ವರ್ಷದಿಂದ ಹಳ್ಳದ ಹೊಲವನ್ನು ನಾನೇ ಮಾಡುತ್ತಿರುವುದು ಹಾಗೆ ಶುರುವಾಯಿತು. ಈಗ ಅಲ್ಲಿನ ಯಾವ ಮೂಲೆಯಲ್ಲಿ ಎಷ್ಟು ದಿನ ಹಸಿ ನಿಲ್ಲುತ್ತದೆ ಅಂತ ಕೇಳಿ, ಹೇಳುತ್ತೇನೆ.

ಸೆಪ್ಟೆಂಬರ್ 17, ಬುಧವಾರ

ಮೂರು ದಿನದ ಮಳೆ. ಬೆಳಿಗ್ಗೆ ಆರಕ್ಕೆ ಹೋದೆ. ಹಳ್ಳ ಯಾವುದು, ಹೊಲ ಯಾವುದು ಗೊತ್ತಾಗುವುದಿಲ್ಲ. ಹತ್ತಿಯ ತುದಿ ಮಾತ್ರ ಕಾಣುತ್ತಿದೆ, ಅದೂ ಅಲ್ಲಲ್ಲಿ. ಒಡ್ಡು ಎರಡು ಕಡೆ ಒಡೆದಿದೆ. ಸಲಿಕೆ ಒಯ್ದಿದ್ದೆ. ಯಾತಕ್ಕೆ ಒಯ್ದೆನೋ.

ಭಾವನ ದಿಬ್ಬದ ಹೊಲಕ್ಕೆ ಏನೂ ಆಗಿಲ್ಲ, ತೊಗರಿ ತಲೆಯೆತ್ತಿ ನಿಂತಿದೆ. ಒಳ್ಳೆಯದಾಯಿತು, ಮನೆಗೆ ಒಂದಾದರೂ ಉಳಿಯಿತು ಅಂದುಕೊಂಡೆ. ಅಂದುಕೊಂಡು ಅತ್ತೆ.

ಸೆಪ್ಟೆಂಬರ್ 22, ಸೋಮವಾರ

ನೀರು ಇಳಿಯಿತು. ಬೇರು ಕೊಳೆತ ವಾಸನೆ. ಕಾಯಿ ಕಪ್ಪಾಗಿವೆ. ಒಂದು ಗಿಡ ಹಿಡಿದು ಎಳೆದರೆ ಸಲೀಸಾಗಿ ಬಂತು. ಇವರಿಗೆ ಫೋನ್ ಮಾಡಿ ಹೇಳಿದೆ. “ಹೋಗ್ಲಿ ಬಿಡು, ಎಷ್ಟಂತ ದುಡೀತಿ” ಅಂದರು. ಸಮಾಧಾನಕ್ಕೆ ಅಂದಿರಬೇಕು. ನನಗೆ ಸಿಟ್ಟು ಬಂತು, ಇಟ್ಟುಬಿಟ್ಟೆ.

ಸೆಪ್ಟೆಂಬರ್ 29, ಸೋಮವಾರ

ಬೆಳೆ ಹಾನಿ ಪರಿಶೀಲನೆಗೆ ಕಂದಾಯದವರು ಒಬ್ಬರು, ಕೃಷಿ ಇಲಾಖೆಯವರು ಒಬ್ಬರು ಬಂದಿದ್ದರು. ಹೊಲದ ಹಾದಿ ತೋರಿಸಲು ನಾನು. ಬೆಳಿಗ್ಗೆಯಿಂದ ಮೂವತ್ತೊಂದು ಹೊಲ. ಹಾನಿ ಆಗದವರೂ ಆಗಿದೆ ಅಂತ ಬರೆಸಲು ಬಂದರು, ಇಬ್ಬರ ಜೊತೆ ಜಗಳವಾಡಿದೆ.

ನಮ್ಮ ಹೊಲಕ್ಕೆ ಬಂದಾಗ ಭಾವನೂ ಬಂದರು. ಮೇಲಿನ ನಾಲ್ಕಕ್ಕೆ ಹಾನಿ ಇಲ್ಲ, ಕೆಳಗಿನ ನಾಲ್ಕು ಪೂರ್ತಿ ಹೋಗಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಂದಾಯದವರು ಫೋನಿನಲ್ಲಿ ನೋಡಿ, “ಓನರ್ ಹೊಲದಾಗ ನಿಂದರ್ಬೇಕ್ರಿ, ಫೋಟೊಕ್ಕ” ಅಂದರು. ಭಾವ ಹಿಂದೆ ಮುಂದೆ ನೋಡಿದರು. ನನ್ನ ಮುಖ ನೋಡಿದರು.

“ನಿಂದರ್ರಿ ಭಾವಾ, ಯಾರು ನಿಂತರೇನು” ಅಂದೆ.

ಕೊಳೆತ ಹತ್ತಿಯ ನಡುವೆ ಧೋತರ ಎತ್ತಿ ಹಿಡಿದು ನಿಂತರು. ಫೋಟೊ ಹೊಡೆದದ್ದು ನಾನೇ. ಸಾಹೇಬರ ಫೋನಿಗೆ ಬಿಸಿಲು ಹೊಡೆದು ಏನೂ ಕಾಣುತ್ತಿರಲಿಲ್ಲ, ನನ್ನ ಕೈಗೆ ಕೊಟ್ಟಿದ್ದರು.

ಅಕ್ಟೋಬರ್ 13, ಸೋಮವಾರ

ಒಂದು ವಿಚಾರ ತಲೆಯಲ್ಲಿ ಕೂತಿದೆ. ಪೋಡಿ ಮಾಡಿಸಬೇಕು. ಎಂಟನ್ನು ನಾಲ್ಕು-ನಾಲ್ಕಾಗಿ ಅಳೆಸಿ ಬೇರೆ ಬೇರೆ ಪಹಣಿ. ಆಗ ಪರಿಹಾರ ನಮ್ಮ ಖಾತೆಗೇ ಬರುತ್ತದೆ, ಕಂತೂ ಅಷ್ಟೇ. ಭಾವನ ಮೇಲೆ ಅನುಮಾನವಿಲ್ಲ. ಆದರೆ ಪ್ರತಿ ಸಲ ಅವರು ಬಂದು ಕೊಡುವುದು, ನಾನು ಕೈ ಒಡ್ಡುವುದು, ಯಾಕೆ? ಊರವರ ಹೊಲದ ದಾಖಲೆಗೆಲ್ಲ ಓಡಾಡುವವಳು ನಮ್ಮದನ್ನೇ ಹಾಗೆ ಬಿಟ್ಟಿದ್ದೇನೆ.

ಸಂಜೆ ಭಾವನ ಮನೆಗೆ ಹೋಗಿ ಹೇಳಿದೆ. ನೆಲ ನೋಡುತ್ತಾ ಕೂತಿದ್ದರು.

“ತಮ್ಮ ಮಲ್ಕಪ್ಪ ಬರ್ಲೆವ್ವಾ. ಅವನ ಕೂಡ ಮಾತಾಡು.”

“ಅವರು ಹೂಂ ಅಂತಾರ್ರಿ. ಹೊಲದ ಮಾತು ಅವರಿಗೇನ್ ಗೊತ್ತದ.”

ಭಾವ ಟವೆಲ್ ಕೊಡವಿ ಎದ್ದರು. ಮನೆಗೆ ಬಂದು ಅತ್ತೆಗೆ ಹೇಳಿದರೆ, “ಸುಮ್ನಿರು, ಈಗ್ಯಾಕ ಅದೆಲ್ಲ” ಅಂತ ಮಗ್ಗುಲಾದರು. ನಮ್ಮತ್ತೆ ಮಾಳಮ್ಮ ಅಂದರೆ ಊರಿಗೇ ಗೊತ್ತು, ಮಾತು ಶುರುಮಾಡಿದರೆ ನಿಲ್ಲಿಸುವವರಲ್ಲ. ಇವತ್ತು ಊಟವನ್ನೂ ಮಾಡಲಿಲ್ಲ. ವಯಸ್ಸಾದವರು, ಕಾಗದ ಅಂದರೆ ಹೆದರಿಕೆ.

ಅಕ್ಟೋಬರ್ 27, ಸೋಮವಾರ

ಹೊಲ ಹದಕ್ಕೆ ಬಂದಿದೆಯೋ ನೋಡಲು ಹೋಗಿದ್ದೆ. ಹತ್ತಿ ಹೋದರೆ ಹೋಯಿತು, ಬಿಳಿ ಜೋಳ ಬಿತ್ತಬಹುದು. ತಡವಾಗಿದೆ, ಆದರೂ ಹಳ್ಳದ ಹೊಲಕ್ಕೆ ಹಸಿಯ ಕೊರತೆ ಇಲ್ಲ. ಬೀಜ ನಿನ್ನೆಯೇ ತಂದಿಟ್ಟಿದ್ದೇನೆ.

ಹೊಲದ ನಡುವೆ ಮೂರು ಜನ. ಇಬ್ಬರು ಟೇಪು ಹಿಡಿದಿದ್ದರು. ಭಾವ ಪುಟ್ಟಿಯಿಂದ ಸುಣ್ಣದ ಪುಡಿ ಸುರಿಯುತ್ತಾ ಗೆರೆ ಎಳೆಯುತ್ತಿದ್ದರು. ದೊಡ್ಡ ಚೌಕ.

“ಏನ್ರಿ ಭಾವಾ ಇದು?”

“ಕೃಷಿ ಹೊಂಡ. ಸಬ್ಸಿಡಿ ಮಂಜೂರಾಗ್ಯಾದ. ನೀರು ನಿಲ್ಲೋ ಜಾಗ ಇದೇ ನೋಡವ್ವಾ.”

“ನಮ್ಮ ಹೊಲದಾಗ?”

ಟೇಪಿನವನು ತಲೆಯೆತ್ತಿ, ಈಕೆ ಯಾರು ಅಂತ ಕೇಳಿದ. “ನಮ್ಮ ತಮ್ಮನ ಹೇಣ್ತಿ” ಅಂದರು. ನನಗೆ, “ಮನಿಗೆ ಹೋಗು, ನಾ ಬಂದು ಹೇಳ್ತೀನಿ” ಅಂದರು.

ಬರಲಿಲ್ಲ. ರಾತ್ರಿ ಒಂಬತ್ತಾಯಿತು. ಇವರ ಫೋನ್ ಸ್ವಿಚ್ ಆಫ್. ಅತ್ತೆ ಸಂಜೆಯೇ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಉಸಿರು ಕೇಳಿದರೆ ಗೊತ್ತಾಗುತ್ತದೆ.

ಅಕ್ಟೋಬರ್ 28, ಮಂಗಳವಾರ

ಮೊದಲ ಬಸ್ಸಿಗೆ ಕಕ್ಕೇರಾ. ಹಜರಾಬೀ ಅಕ್ಕನ ಆನ್‌ಲೈನ್ ಅಂಗಡಿ ಇನ್ನೂ ಅರ್ಧ ಶಟರ್ ಎತ್ತಿತ್ತು. ಸಮೀಕ್ಷೆಯ ಕೆಲಸಕ್ಕೆ ವರ್ಷಗಟ್ಟಲೆ ಓಡಾಡಿ ಪರಿಚಯ. “ಬಾ ಬೇಟಿ, ಯಾಕ ಮಾರಿ ಹಿಂಗ್ಯಾದ?” ಅಂದಳು. ಸರ್ವೆ ನಂಬರ್ ಹೇಳಿದೆ. ಪಹಣಿ ತೆಗೆದಳು.

ಒಂದೇ ಹೆಸರು. ಅಮೋಘಸಿದ್ದ ಬಿನ್ ಮರಿಲಿಂಗ. ಎಂಟು ಎಕರೆ.

“ಕೆಳಗ ಇನ್ನೊಂದು ಹೆಸರಿರ್ತದ ನೋಡಕ್ಕಾ.”

“ಇಲ್ಲಲ್ಲ.” ಮತ್ತೇನೋ ಒತ್ತಿದಳು. ಹೆಸರು ಬದಲಾದ ದಾಖಲೆ, ಮುಟೇಶನ್, ತೆಗೆದಳು. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದಳು. “ನೀನೇ ಓದ್ಕೋವ್ವಾ. ನನಗ ಹೇಳಾಕ ಆಗವಲ್ದು.”

ಹಕ್ಕು ಬಿಡುಗಡೆ ಪತ್ರ. ಮಲ್ಕಪ್ಪ ಬಿನ್ ಮರಿಲಿಂಗ ತನ್ನ ಅರ್ಧ ಹಿಸ್ಸೆಯ ಹಕ್ಕನ್ನು ಸ್ವಖುಷಿಯಿಂದ ಅಣ್ಣನಿಗೆ ಬಿಟ್ಟುಕೊಟ್ಟಿದ್ದಾನೆ. ಏಪ್ರಿಲ್ 17. ಸುರಪುರ.

ಮಷೀನ್‌ನಲ್ಲಿ ಆರು ವರ್ಷ ಮೂಡದ ಬೆರಳು ಅವತ್ತು ಮೂಡಿದೆ.

ಹಜರಾಬೀ ಅಕ್ಕ ಪ್ರಿಂಟಿನ ದುಡ್ಡು ತಗೊಳ್ಳಲಿಲ್ಲ. ಬಸ್ಸಿನಲ್ಲಿ ಕೂತು ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಮನೆಗೆ ಬಂದು ಇದೇ ಡೈರಿಯಲ್ಲಿ ಏಪ್ರಿಲ್ ತೆಗೆದು ನೋಡಿದೆ. ನನ್ನದೇ ಅಕ್ಷರ. “17, ಗುರುವಾರ. ಇವರು ಭಾವನ ಜೊತೆ ಸುರಪುರಕ್ಕೆ ಹೋಗಿದ್ದರು. ಕುರಿ ಔಷಧಿಗೆ. ಬರುವಾಗ ಎರಡು ಕೆಜಿ ಮಾವಿನಹಣ್ಣು ತಂದರು. ಕೇಳದೆ ತಂದದ್ದು ಇದೇ ಮೊದಲು. ಬಹಳ ಸಿಹಿ.”

ಬಹಳ ಸಿಹಿ ಅಂತ ಬರೆದಿದ್ದೇನೆ. ಆ ಹಾಳೆ ಹರಿಯಬೇಕೆಂದು ಕೈ ಹೋಯಿತು, ಹರಿಯಲಿಲ್ಲ. ಇರಲಿ. ನಾನು ಎಂಥ ದಡ್ಡಿ ಅನ್ನುವುದಕ್ಕೆ ದಾಖಲೆ ಬೇಕಲ್ಲ.

ಆಗಸ್ಟ್‌ನಲ್ಲಿ ಸಾವಿರ ಬಂತು. ಸಾವಿರ ಬಂದಿದ್ದಕ್ಕೇ ನಾನು ಪಹಣಿ ನೋಡಲಿಲ್ಲ. ದುಡ್ಡು ಸರಿಯಾಗಿ ಬರುತ್ತಿದ್ದರೆ ಹೊಲವೂ ಸರಿಯಾಗಿದೆ ಅಂತ ತಿಳಿದೆ. ಆ್ಯಪ್‌ನಲ್ಲಿ ಕಣ್ಣೆದುರೇ ಒಂದು ಹೆಸರು ತೋರಿಸಿದರೂ ಆ್ಯಪನ್ನೇ ಬೈದೆ. ಸರ್ಕಾರದ ಕಣ್ಣಂತೆ.

ಅಕ್ಟೋಬರ್ 29, ಬುಧವಾರ

ಅತ್ತೆಯ ಮುಂದೆ ಕಾಗದ ಹಿಡಿದೆ. ಓದು ಬಾರದು, ಆದರೂ ನೋಡಿದರು. ನೋಡಿದ ರೀತಿಯಲ್ಲೇ ಗೊತ್ತಾಯಿತು.

“ನಿಮಗೂ ಗೊತ್ತಿತ್ತೇನತ್ತಿ?”

“ಸಾಕ್ಷಿಗೆ ಹೆಬ್ಬಟ್ಟು ನಂದೇ ಐತಿ, ಮನ್ಯಾಗೇ ಒತ್ತಿಸ್ಕೊಂಡು ಹೋದ್ರು” ಅಂದರು. ಒಂದಿಷ್ಟೂ ದನಿ ನಡುಗಲಿಲ್ಲ. “ಅಣ್ಣತಮ್ಮ ಕೂಡಿ ಮಾಡಿದ್ರು. ಅಂವ ಕುರಿ ಕೊಟ್ಟ, ಇಂವ ಹೊಲ ಕೊಟ್ಟ. ನಿಮಗ ಮಕ್ಕಳಿಲ್ಲ ಮರಿಲ್ಲ, ಕಡೀಗೆ ಹೊಲ ಯಾರಿಗೆ ಹೋಗ್ತಿತ್ತು, ನೀನೇ ಹೇಳು?”

ಹನ್ನೆರಡು ವರ್ಷ ಈ ಮುದುಕಿಯ ತಲೆ ಬಾಚಿದ್ದೇನೆ.

ಭಾವ ಸಂಜೆ ಬಂದರು, ಕರೆಸಿದ ಮೇಲೆ. ಒಳಗೆ ಕೂರಲಿಲ್ಲ, ಕಟ್ಟೆಯ ಮೇಲೆ ಕೂತರು. ನಲವತ್ತೆರಡು ಕುರಿ ಪಾಲಿಗೆ ಬಿಟ್ಟದ್ದಲ್ಲ, ಹೊಲದ ಬದಲಿಗೆ ಕೊಟ್ಟದ್ದು. ಹೊಂಡದ ಸಬ್ಸಿಡಿಗೆ ಪಹಣಿ ಒಬ್ಬರ ಹೆಸರಲ್ಲಿದ್ದರೆ ಸಸಾರ, ಅದಕ್ಕೆ ರಿಜಿಸ್ಟ್ರಿ. ಎಲ್ಲ ತಾವೇ ಹೇಳಿದರು, ಮುಚ್ಚಿಡಲಿಲ್ಲ.

“ಮತ್ತ ಆಗಸ್ಟ್‌ನ್ಯಾಗ ಯಾಕ ಕೊಟ್ರಿ ಸಾವಿರ?”

“ಈ ಹಂಗಾಮು ಆಕಿ ಬಿತ್ಕೊಳ್ಳಿ, ಅಲ್ಲೀತನ ಕಂತಿನ ಅರ್ಧಾನೂ ಕೊಡು ಅಂತ ತಮ್ಮ ಅಂದಿದ್ದ. ಮಾತು ಕೊಟ್ಟಿದ್ದೆ. ಕೊಟ್ಟ ಮಾತು ನಾ ತಪ್ಪಂಗಿಲ್ಲ ಕವಿತಾ.”

“ಗುಡ್ಯಾಗ ಭಂಡಾರ ಮುಟ್ಟಿದ್ರಲ್ರಿ? ಅದು?”

“ಅದನ್ನೂ ಗುಡ್ಯಾಗೇ ಬಿಡಿಸ್ಕೊಂಡೀವಿ. ಇಬ್ಬರೂ ಹೋಗಿ ಕಾಯಿ ಒಡ್ದು ಬಂದೀವಿ. ನಿನಗ ಅಂವ ಹೇಳ್ಯಾನ ಅಂತ ನಾ ತಿಳ್ಕೊಂಡಿದ್ದೆ.”

ದೇವರಿಗೂ ಹೇಳಿದ್ದಾರೆ. ನನಗೊಬ್ಬಳಿಗೇ ಹೇಳಿಲ್ಲ. ಜೂನ್‌ನಿಂದ ಆ ಹೊಲದಲ್ಲಿ ನಾನು ಹಾಕಿದ ಬೆವರೆಲ್ಲ ಅವರಿಬ್ಬರ ದಯದಿಂದ. ಹಸಿರು ನೋಡಿ ನಕ್ಕೆನಲ್ಲ, ಅದೂ.

ಅಕ್ಟೋಬರ್ 31, ಶುಕ್ರವಾರ

ಸುರಪುರ. ತಾಲ್ಲೂಕು ಆಫೀಸಿನ ಮುಂದೆ ಅರ್ಜಿ ಬರೆಯುವ ಅಬ್ದುಲ್ ಕರೀಮ ಚಾಚಾ, ಬೇವಿನ ನೆರಳಲ್ಲಿ ಟೇಬಲ್ ಹಾಕಿಕೊಂಡು ಕೂರುತ್ತಾರೆ. ಕಾಗದ ಪೂರ್ತಿ ಓದಿದರು, ಕನ್ನಡಕ ತೆಗೆದರು.

“ತಾಯೀ, ನಿನ್ನ ಗಂಡ ಜೀವಂತ ಅದಾನ. ತಾನೇ ಬಂದು ಸಹಿ ಮಾಡ್ಯಾನ. ತಕರಾರು ಯಾರ ಹೆಸರಲೇ ಬರೀಲಿ? ನಿನ್ನ ಹೆಸರು ಇದರಾಗ ಎಲ್ಲೈತಿ?”

“ದುಡದಾಕಿ ನಾನ್ರಿ ಚಾಚಾ.”

“ದುಡದವರ ಕಾಲಮ್ಮು ಇದರಾಗಿಲ್ಲವ್ವಾ.”

ಅವರು ಒಳ್ಳೆಯವರು, ನೀರು ಕೊಟ್ಟರು. ಬರೆಯಲಿಲ್ಲ, ದುಡ್ಡೂ ತಗೊಳ್ಳಲಿಲ್ಲ. ಈ ವಾರ ನನ್ನ ಹತ್ತಿರ ಯಾರೂ ದುಡ್ಡು ತಗೊಳ್ಳುತ್ತಿಲ್ಲ. ಸತ್ತವರ ಮನೆಗೆ ಬಂದವರ ಹಾಗೆ ನೋಡುತ್ತಾರೆ.

ನವೆಂಬರ್ 9, ಭಾನುವಾರ

ನಿನ್ನೆ ಹಿಂಡು ಊರಿಗೆ ಬಂತು. ಇವರು ಅಂತ ಬರೆಯಲು ಕೈ ಬರುತ್ತಿಲ್ಲ. ಮಲ್ಕಪ್ಪ. ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ, ಬರೆಯುವುದಕ್ಕೇನು.

ಕಂಬಳಿ ಕೊಡವಿ ಕೂತ. ರೊಟ್ಟಿ ಕೊಟ್ಟೆ. ಉಣ್ಣಲು ಬಿಟ್ಟೆ. ಫೋನಿನಲ್ಲೂ ಬಾಯಿ ಬಿಡದೆ ಹನ್ನೊಂದು ದಿನ ಸುಮ್ಮನಿದ್ದವಳು ಒಂದು ಊಟ ಸುಮ್ಮನಿರಲಾರೆನೇ? ತಾಟು ತೆಗೆದು ಆ ಜಾಗದಲ್ಲಿ ಕಾಗದ ಇಟ್ಟೆ.

“ಅಣ್ಣ ಹೇಳ್ದನೇನು?”

“ಕಾಗದ ಹೇಳ್ತು.”

ಕೈ ಒರೆಸಿಕೊಂಡ. ಹೆದರಿದ ಹಾಗೆ ಕಾಣಲಿಲ್ಲ, ಸುಸ್ತಾದ ಹಾಗೆ ಕಂಡ. “ನಾ ಕುರಿಯಾಂವ ಕವಿತಾ. ಅಪ್ಪನ ಹಿಂದ ಹತ್ತನೇ ವರ್ಷಕ್ಕ ಹೋದಾಂವ. ನಾಕೆಕರೆ ಇಟ್ಕೊಂಡು ನಾ ಏನ್ ಮಾಡ್ಲಿ? ಅಣ್ಣನ ಕಾಲಾಗ ಶಕ್ತಿ ಇಲ್ಲ, ಅವಗ ಹೊಲ. ನನಗ ಕುರಿ. ಇದರಾಗ ಮೋಸ ಎಲ್ಲಿ ಬಂತು?”

“ಎಂಟು ವರ್ಷ ಆ ಹೊಲದಾಗ ಯಾರಿದ್ರು?”

“ನೀ ಇದ್ದಿ. ಇಲ್ಲಂದೆನೇನು? ಬಿಸಲಾಗ ಸಾಯ್ತಿದ್ದಿ. ಇನ್ನ ಆರಾಮ ಇರು.”

“ಆರಾಮ ನಾ ಕೇಳಿದ್ನಾ? ನೀ ಕೇಳಿದಿ ನನ್ನ?”

ನೀ ಅಂದುಬಿಟ್ಟೆ. ಮದುವೆಯಾದಾಗಿನಿಂದ ಮೊದಲ ಸಲ. ಅವನಿಗೆ ಹೊಲದ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು, ಕಣ್ಣು ಅರಳಿಸಿ ನೋಡಿದ. ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು.

“ಮದಲ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬಿಡ್ತಿದ್ದೇನು?” ಅಂದ.

ಹೊಲ ಹೋದದ್ದಕ್ಕಿಂತ ಈ ಮಾತು ಕೆಟ್ಟದ್ದು. ನಾನು ಒಪ್ಪುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಆ ಹೊಲ ಏನು ಅನ್ನುವುದೂ ಗೊತ್ತಿತ್ತು. ತಿಳಿಯದೆ ಮಾಡಿದ್ದರೆ ಇಷ್ಟು ಹೊತ್ತಿಗೆ ಅತ್ತು ಮುಗಿಸುತ್ತಿದ್ದೆ.

ನವೆಂಬರ್ 12, ಬುಧವಾರ

ಜೆಸಿಬಿ ಬಂದಿದೆ. ಮನೆಯವರೆಗೂ ಸದ್ದು ಕೇಳುತ್ತದೆ. ಬಾಗಿಲು ಹಾಕಿಕೊಂಡೆ.

ನವೆಂಬರ್ 21, ಶುಕ್ರವಾರ

ಮೊನ್ನೆ ಕಂತು ಬಿತ್ತು. ಭಾವ ಸಾವಿರ ತರಲಿಲ್ಲ. ತರಬೇಕಾಗಿಯೂ ಇಲ್ಲ. ಆದರೂ ಸಂಜೆ ಬಾಗಿಲ ಕಡೆ ಕಿವಿ ಹೋಯಿತು, ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಇವತ್ತು ಬಂದರು. ಬೆಳೆ ಹಾನಿ ಪರಿಹಾರ ಜಮಾ ಆಗಿದೆಯಂತೆ. ನೋಟಿನ ಕಟ್ಟು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು, ಬ್ಯಾಂಕಿನಿಂದ ತೆಗೆದದ್ದು ತೆಗೆದ ಹಾಗೆ.

“ಕಂತು ಈಗ ನಂದು. ಆದ್ರ ಇದು ನೀ ಬಿತ್ತಿದ ಬೆಳಿದು. ಇದರಾಗ ಒಂದು ರೂಪಾಯಿ ನಾ ಮುಟ್ಟಂಗಿಲ್ಲ. ತಗೋ.”

ಈ ಮನುಷ್ಯ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬೈದು ಹಗುರವಾಗುತ್ತಿದ್ದೆ. ಬೇಡ ಅಂತ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಮಲ್ಕಪ್ಪನ ಕೈ ಬಂತು.

“ಕೊಡಣ್ಣಾ. ಕುರಿಗೆ ಲಸಿಕಿ ಹಾಕಿಸ್ಬೇಕು, ಹಿಂಡಿ ತರಬೇಕು.”

“ಆ ರೊಕ್ಕ ನಂದು” ಅಂದೆ.

“ನಿಂದು ನಂದು ಬ್ಯಾರೆ ಅದ ಏನು?” ನಕ್ಕು, ಎಣಿಸದೆ ಜೇಬಿಗೆ ಹಾಕಿಕೊಂಡ.

ಭಾವ ನನ್ನ ಮುಖ ನೋಡಿದರು. ನೋಡಿ ಎದ್ದು ಹೋದರು. ನನಗೆ ಕೊಡಲೆಂದು ಬಂದವರು, ಮಲ್ಕಪ್ಪ ಜೇಬಿಗಿಟ್ಟುಕೊಂಡರೂ ಅಲ್ಲಿಗೆ ಮುಗಿಯಿತು ಅವರ ಲೆಕ್ಕ.

ಬೇರೆ ಅದ. ಬೇರೆ ಇದೆ ಅಂತ ನಾನೇ ತಿಳಿದಿರಲಿಲ್ಲ ಇಷ್ಟು ದಿನ.

ಡಿಸೆಂಬರ್ 2, ಮಂಗಳವಾರ. ಮಧ್ಯಾಹ್ನ 1

ಹಿಂಡಿನ ಹತ್ತಿರ, ಬನ್ನಿ ಗಿಡದ ಕೆಳಗೆ ಕೂತು ಬರೆಯುತ್ತಿದ್ದೇನೆ. ಮಲ್ಕಪ್ಪ ಬೆಳಿಗ್ಗೆ ಎರಡು ಟಗರು ಮಾರಲು ಶಹಾಪುರಕ್ಕೆ ಹೋದ. ಬರುವುದು ಸಂಜೆ.

ಪಶು ಆಸ್ಪತ್ರೆಯ ಶಾಂತಪ್ಪನವರು ಲಸಿಕೆ ಹಾಕಲು ಬಂದಿದ್ದಾರೆ. ಲಸಿಕೆಯ ಜೊತೆ ಕಿವಿಗೆ ಹಳದಿ ಟ್ಯಾಗ್. ಟ್ಯಾಗಿನ ನಂಬರ್ ಮಾಲೀಕರ ಆಧಾರಿಗೆ ಸೇರುತ್ತದೆ. ಕುರಿ ಸತ್ತರೆ ಪರಿಹಾರ, ವಿಮೆ, ಎಲ್ಲ ಯಾರ ಹೆಸರಲ್ಲಿ ಟ್ಯಾಗ್ ಇದೆಯೋ ಅವರ ಖಾತೆಗೆ. ವಾರದ ಹಿಂದೆಯೇ ಆಸ್ಪತ್ರೆಗೆ ಹೋಗಿ ಎಲ್ಲ ಕೇಳಿಕೊಂಡು ಬಂದಿದ್ದೆ. ಇವತ್ತಿನ ದಿನ ಗೊತ್ತುಮಾಡಿದವಳೂ ನಾನೇ.

“ಮಾಲೀಕರ ಹೆಸರು ಮಲ್ಕಪ್ಪ ಅಂತ ಬರೀಲೇನ್ರಿ?”

“ಮಿಕ್ಕವಕ್ಕ ಬರೀರಿ. ಎಡಗಿವಿ ಕಚ್ಚು ಹಾಕಿದವು ಕವಿತಾ ಅಂತ ಬರೀರಿ.”

“ಅವೇನು ನಿಮ್ಮ ತವರಿನವೇನ್ರಿ?”

“ಅಲ್ರಿ. ನನ್ನ ಹೊಲ ಕೊಟ್ಟು ತಗೊಂಡವು.”

ಎಡಗಿವಿಯ ಕಚ್ಚು ಭಾವನ ಹಿಂಡಿನ ಗುರುತು. ನಲವತ್ತೆರಡರಲ್ಲಿ ಎರಡು ಸತ್ತಿವೆ, ನಲವತ್ತು. ಒಂದೊಂದನ್ನೂ ಹಿಡಿದುಕೊಡುತ್ತಿರುವವಳು ನಾನೇ. ಟ್ಯಾಗ್ ಚುಚ್ಚಿದಾಗ ಒಂದು ಸಲ ತಲೆ ಕೊಡವುತ್ತವೆ, ಆಮೇಲೆ ಮೇಯಲು ಹೋಗುತ್ತವೆ.

ಬೆಳಿಗ್ಗೆ ಮಲ್ಕಪ್ಪನಿಗೆ ಬುತ್ತಿ ಕಟ್ಟಿಕೊಟ್ಟೆ. ಹುಷಾರಾಗಿ ಹೋಗಿ ಬರ್ರಿ ಅಂದೆ. ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ. ಅವನು ಮಾಡಿದ್ದನ್ನೇ ಮಾಡುತ್ತಿದ್ದೇನೆ, ಅದೇ ಕಾರಣಕ್ಕೆ. ಗೊತ್ತಿದೆ. ಖುಷಿ ಇಲ್ಲ. ನಲವತ್ತು ಕುರಿ ಬಂದರೂ ಹಳ್ಳದ ಹೊಲದ ಒಂದು ಸಾಲು ಬರುವುದಿಲ್ಲ. ಹಾಗಂತ ನಿಲ್ಲಿಸುವುದೂ ಇಲ್ಲ.

ಮಧ್ಯಾಹ್ನ 3.20

ಮೂವತ್ತೊಂದು ಆದವು. ಒಂಬತ್ತು ಉಳಿದಿವೆ. ಶಾಂತಪ್ಪನವರು ಚಹಾ ಕುಡಿಯುತ್ತಿದ್ದಾರೆ.

ಗಾಡಿ ಸದ್ದು. ಇಷ್ಟು ಬೇಗ ಬಂದ. ಟಗರು ಬೇಗ ಮಾರಿಹೋಗಿರಬೇಕು, ಮುಖ ಗೆಲುವಾಗಿದೆ. ನೇರ ಹಿಂಡಿನೊಳಗೇ ಹೋದ. ಒಂದನ್ನು ಹಿಡಿದು ಕಿವಿ ನೋಡುತ್ತಿದ್ದಾನೆ. ಇನ್ನೊಂದು. ಶಾಂತಪ್ಪನವರ ಹತ್ತಿರ ಏನೋ ಕೇಳಿದ. ಅವರು ಫೋನ್ ತೋರಿಸಿದರು. ಆಮೇಲೆ ನನ್ನ ಕಡೆ ಕೈ ಮಾಡಿದರು.

ಬರುತ್ತಿದ್ದಾನೆ. ಓಡುತ್ತಿಲ್ಲ, ನಡೆದೇ ಬರುತ್ತಿದ್ದಾನೆ. ಸಿಟ್ಟಿಲ್ಲ ಮುಖದಲ್ಲಿ — ಅದು ಬೇರೆ ಏನೋ. ಆ ಕಾಗದ ಓದಿದ ದಿನ ನನ್ನ ಮುಖವೂ ಹೀಗೇ ಇದ್ದಿರಬೇಕು. ಏನು ಹೇಳಬೇಕು ಅಂತ ಒಂದು ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ, ಈಗ ಒಂದೂ ಬೇಡ ಅನ್ನಿಸುತ್ತಿದೆ. ಡೈರಿ ಮುಚ್ಚುತ್ತೇನೆ, ಇನ್ನೂ ಒಂಬತ್ತು ಹಿಡಿದುಕೊಡಬೇಕು.